ಕೆಂಚವ್ವನ ತಿಪ್ಪೆ

ಕುಬಿಹಾಳದ ಕೆಂಚವ್ವನಿಗೆ ತಿಪ್ಪೆಯೆಂದರೆ ಮನೆದೇವರು. ದೀಪಾವಳಿಗೆ ಅದರ ಮೇಲೆ ಸಗಣಿಯಿಂದ ಮಾಡಿದ ಪಾಂಡವರನ್ನಿಟ್ಟು ಪೂಜಿಸುವಳು, ಮಿಕ್ಕ ದಿನ ಕಾವಲು ಕಾಯುವಳು. ಯಾರಾದರೂ ಒಡೆದ ಬಳೆಯನ್ನೋ ಹಳೆಯ ಬ್ಲೇಡನ್ನೋ ಎಸೆದರೆ ಓಣಿಗೆಲ್ಲ ಕೇಳುವಂತೆ ಅವರ ಏಳು ತಲೆಮಾರನ್ನು ಜಾಲಾಡುವಳು. ಚೀಲದಲ್ಲಿ ಬರುವ ಸರಕಾರಿ ಗೊಬ್ಬರದ ಮುಖ ಕಾಣದ ಅವಳ ಎರಡೆಕರೆ ಮೆಣಸಿನಕಾಯಿ ಹೊಲ ಉಣ್ಣುತ್ತಿದ್ದುದು ಈ ತಿಪ್ಪೆಯನ್ನೇ. ಗಂಡ ಗೂಳಪ್ಪ ತೀರಿಕೊಂಡ ಮೇಲೆ ತಾಯಿ-ಮಗ ಇಬ್ಬರನ್ನೂ ಸಾಕಿದ್ದು ಆ ಹೊಲವೇ.

ಎಂಬತ್ತೇಳನೇ ಇಸವಿಯಲ್ಲಿ ಮಗ ಹೊಳೆಯಪ್ಪನ ಮದುವೆ. ಹುಬ್ಬಳ್ಳಿಯ ಬೀಗರ ಮುಂದೆ ತಲೆ ತಗ್ಗಬಾರದು ನೋಡಿ. ಮುತ್ತಲ ಎಲೆಯ ಪತ್ರಾವಳಿ ಬಿಟ್ಟು, ಉಂಡು ಎಸೆಯುವ ತೆಳ್ಳನೆಯ ಪ್ಲಾಸ್ಟಿಕ್ ತಾಟು, ಲೋಟ ಬಂದವು. ಕಾಯಿ, ಎಲೆ-ಅಡಿಕೆ ಕೊಡಲು ಹೆಸರು ಅಚ್ಚಾದ ಬಣ್ಣದ ಪ್ಲಾಸ್ಟಿಕ್ ಚೀಲವೂ ಬಂತು. ಕೆಂಚವ್ವ ಬೀಗುತ್ತ ಕೈಯಾರೆ ಹಂಚಿದಳು. ಜನ ಕಾಯಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಚೀಲವನ್ನು ಅಲ್ಲೇ ಬಿಸಾಕಿ ಹೋದರು. ಎಂಜಲು ಮೆತ್ತಿದ ರಾಶಿಯ ಮುಂದೆ ನಿಂತು ಹೊಳೆಯಪ್ಪ ಕೇಳಿದ.

“ಇದನ್ನೆಲ್ಲಿ ಹಾಕೂಣು ಬೇ?”

“ಎಂಜಲೆಲಿ ಎಲ್ಲಿ ಹಾಕ್ತಾರಪಾ? ತಿಪ್ಪಿಗಿ ಹಾಕು. ಆಕಿ ಏನ್ ಕೊಟ್ರೂ ಅರಗಿಸ್ಕೊಂತಾಳ.”

ಮೇಲೆ ಸಗಣಿ ಬಿತ್ತು, ಬೂದಿ ಬಿತ್ತು. ಎಲ್ಲರೂ ಮರೆತರು.

ಮರುಬೇಸಿಗೆಗೆ ಊರಿನ ಗಾಡಿಯವ ಅಕ್ಬರಸಾಬ ಗೊಬ್ಬರ ಹೇರಲು ಚಕ್ಕಡಿ ತಂದ. ಮೇಲಿನ ಪದರ ಕೆದರಿದ್ದೇ ತಡ, ಸತ್ತ ಹೆಗ್ಗಣದ ನಾತ ಮೂಗಿಗೆ ಬಡಿಯಿತು. ಮಳೆನೀರು ತಾಟುಗಳ ಮೇಲೆಯೇ ನಿಂತು ಸಗಣಿಯೆಲ್ಲ ಹಸಿರು ಲೋಳೆಯಾಗಿ, ಹುಳು ಮಿಜಿಗುಡುತ್ತಿದ್ದವು. ಅಡಿಯಲ್ಲಿದ್ದದ್ದು ಹನಿ ನೀರು ಕಾಣದೆ ಹಾಕಿದ ಹಾಗೆಯೇ ಒಣಗಿ ಕೂತಿತ್ತು. ತಾಟು-ಲೋಟ ಮಾತ್ರ ನಿನ್ನೆ ಉಂಡೆದ್ದಂತೆ ಫಳಫಳ. ಥೂ, ಹಂದಿಯೂ ಮೂಸದ ಹೇಸಿಗೆ! ಕೆಂಚವ್ವ ಸೆರಗನ್ನು ಮೂಗಿಗೆ ಕಟ್ಟಿ ಕೈಯಿಂದಲೇ ಹೆಕ್ಕತೊಡಗಿದಳು. ಒಂದು ಬುಟ್ಟಿಯಾಯಿತು, ನಾಲ್ಕಾಯಿತು, ಬಗೆದಷ್ಟೂ ಬರುತ್ತಲೇ ಇತ್ತು. ಗೊಬ್ಬರವೆನ್ನುವಂಥದ್ದು ಒಂದು ಹಿಡಿಯೂ ಸಿಗಲಿಲ್ಲ.

“ಯಾರ ಬೇ ಇದನ್ನ ಒಗದಾವ್ರು? ಹೆಸರು ಹೇಳು, ನಾ ಹೋಗಿ ಕೇಳ್ತೀನಿ” ಎಂದು ಅಕ್ಬರಸಾಬ ಸಿಟ್ಟಿನಲ್ಲಿ ಒಂದು ಚೀಲ ಎಳೆದ. ಲೋಳೆ ಒರೆಸಿ, ಅಕ್ಷರ ಕೂಡಿಸಿ ಓದಿದ. “ಶುಭವಿವಾಹ... ಚಿರಂಜೀವಿ ಹೊಳೆಯಪ್ಪ... ದಿವಂಗತ ಗೂಳಪ್ಪನವರ...” ಮುಂದೆ ಓದದೆ ಚೀಲವನ್ನು ಮಡಚತೊಡಗಿದ.

ಓದು ಬಾರದ ಕೆಂಚವ್ವ ಚೀಲ ಕಸಿದುಕೊಂಡು ದಿಟ್ಟಿಸಿದಳು. ಬಣ್ಣ ಮಾಸಿರಲಿಲ್ಲ. ಊರನ್ನೇ ಬೈದು ಬದುಕಿದವಳಿಗೆ ಅಂದು ಬೈಯಲು ಯಾರೂ ಸಿಗಲಿಲ್ಲ. ತನ್ನ ಕೈ ತನಗೇ ಅಸಹ್ಯವಾಯಿತು.

“ನಮ್ಮನಿಯವ್ರು ಮಣ್ಣಾಗಿ ಹತ್ತು ವರ್ಷ ಆತು, ಇದು ಮಣ್ಣಾಗವಲ್ದು” ಎಂದಳು. “ಚಕ್ಕಡಿ ಹೊಡಕೊಂಡು ಹೋಗೋ ಅಕ್ಬರಾ. ಈ ವರ್ಷ ಹೊಲಕ್ಕ ಹಾಕಾಕ ನನ್ನ ಕಡೆ ಏನೂ ಇಲ್ಲ.”