ಕಡಾಯಿ ಯಾರು ಇಡಬೇಕು?

ಹೆಂಡತಿ ತೀರಿಕೊಂಡ ಮೇಲೆ ಗಂಡಸಿಗೆ ಏನೇನು ನೆನಪಾಗಬೇಕೋ ಅದೆಲ್ಲ ನನಗೂ ಆಗಿದೆ. ಅವಳ ದನಿ, ಅವಳ ನಡಿಗೆ, ಸಿಟ್ಟು ಬಂದಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ರೀತಿ. ಇವುಗಳ ನಡುವೆ ಮೆಣಸಿನಕಾಯಿ ಭಜಿಯೂ ನೆನಪಾಗುತ್ತಿತ್ತು ಎಂದು ಹೇಳಿಕೊಳ್ಳಲು ಮಾತ್ರ ಸ್ವಲ್ಪ ನಾಚಿಕೆ. ಸಾಂತ್ವನ ಹೇಳಲು ಬಂದವರು ನನ್ನ ಬಾಡಿದ ಮುಖ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಹೊತ್ತಿಗೆ ನಾನು ಭಜಿಯನ್ನು ನೆನೆಯುತ್ತ ಕೂತಿರುತ್ತಿದ್ದೆ ಎಂಬುದು ಅವರಿಗೆ ಗೊತ್ತಾಗದೇ ಇದ್ದದ್ದೇ ಒಳ್ಳೆಯದಾಯಿತು.

ಹುಬ್ಬಳ್ಳಿಯಲ್ಲಿದ್ದು ಭಜಿಗೆ ಬರವೇ ಎಂದು ನೀವು ಕೇಳಬಹುದು. ಬರವಿಲ್ಲ. ನಾನು ಗುಮಾಸ್ತನಾಗಿರುವ ಅಮರಗೋಳದ ದಲಾಲಿ ಅಂಗಡಿಯಿಂದ ಬೆಂಗೇರಿಯ ಮನೆಗೆ ಬರುವ ದಾರಿಯಲ್ಲೇ ಭಜಿಯ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಒಮ್ಮೆ ನಿಂತು ತಿಂದೆ ಕೂಡ. ರುಚಿಯಾಗಿತ್ತು. ಆದರೆ ನನಗೆ ಬೇಕಾಗಿದ್ದು ನಮ್ಮ ಅಡುಗೆಮನೆಯ ಎಣ್ಣೆಯ ಸದ್ದು, ಆ ವಾಸನೆ, ಹಾಗೂ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತುಕೊಳ್ಳುವ ನನ್ನ ಹಕ್ಕು. ಸುವರ್ಣಾ ಮೊದಲನೆಯ ಭಜಿಯನ್ನು ದೇವರಿಗೆಂದು ಒಲೆಯ ಪಕ್ಕಕ್ಕೆ ಎತ್ತಿಡುತ್ತಿದ್ದಳು, ಎರಡನೆಯದನ್ನು ನನ್ನ ಕೈಗೆ ಹಾಕುತ್ತಿದ್ದಳು. ದೇವರ ನಂತರದ ಸ್ಥಾನ ನನಗೆ ಸಿಕ್ಕಿದ್ದು ಅದೊಂದು ವಿಷಯದಲ್ಲಿ ಮಾತ್ರ.

ತೊಡಕು ಇದ್ದದ್ದು ಕಡಾಯಿಯದು. ನಮ್ಮ ಮಂದಿಯಲ್ಲಿ ಸಾವಾದ ಮನೆಯಲ್ಲಿ ಕರಿಯುವುದಿಲ್ಲ. ಅನ್ನ ಸಾರು ಕುದಿಸಬಹುದು, ರೊಟ್ಟಿ ಬಡಿಯಬಹುದು, ಒಗ್ಗರಣೆಗೂ ಅಡ್ಡಿಯಿಲ್ಲ. ಎಣ್ಣೆಯ ಕಡಾಯಿ ಮಾತ್ರ ಒಲೆ ಏರಬಾರದು. ದೊಡ್ಡ ಹಬ್ಬವೊಂದು ಬಂದಾಗ ಸಂಬಂಧಿಕರು ಬಂದು, ತಮ್ಮ ಕೈಯಿಂದ ಕಡಾಯಿ ಇಟ್ಟು, ಏನಾದರೂ ಕರಿದು ಮನೆಯವರಿಗೆ ತಿನ್ನಿಸಿದರೆ ಅಲ್ಲಿಗೆ ದುಃಖ ಬಿಡಿಸಿದ ಹಾಗೆ. ಈ ಪದ್ಧತಿ ಮಾಡಿದವರು ಯಾರೋ ತಿಳಿದವರೇ ಇರಬೇಕು ಅನ್ನಿಸುತ್ತದೆ. ಕುದಿಸಿದ್ದು ಮನೆಯೊಳಗೇ ಇರುತ್ತದೆ, ಕರಿದದ್ದರ ವಾಸನೆ ಓಣಿಯ ತುದಿಯವರೆಗೂ ಹೋಗಿ ಈ ಮನೆಯವರು ಸುಖವಾಗಿದ್ದಾರೆ ಎಂದು ಹೇಳಿ ಬರುತ್ತದೆ. ಜೊತೆಗೆ, ದುಃಖದಲ್ಲಿದ್ದವನು ಒಬ್ಬನೇ ಎದ್ದೇಳಲಾರ, ಯಾರಾದರೂ ಬಂದು ರಟ್ಟೆ ಹಿಡಿದು ಎಬ್ಬಿಸಬೇಕು ಎನ್ನುವ ಕರುಣೆಯೂ ಅದರಲ್ಲಿದೆ. ಆದರೆ ಎಬ್ಬಿಸುವವರು ಬರದಿದ್ದರೆ ಏನು ಮಾಡಬೇಕು ಎಂಬುದನ್ನು ಹೇಳಲು ಆ ಪುಣ್ಯಾತ್ಮರು ಮರೆತಿದ್ದರು.

ತೀರಿಕೊಂಡವಳು ಹೆಂಗಸಾದರೆ ಕಡಾಯಿ ಇಡುವ ಮೊದಲ ಹಕ್ಕು ತವರಿನದು. ಪಂಚಮಿ ಹತ್ತಿರ ಬಂದಾಗ ಸುವರ್ಣಾಳ ತಮ್ಮ ಬಸಣ್ಣ ಗದಗಿನಿಂದ ಫೋನು ಮಾಡಿದ.

“ಮಾವಾರ, ತಪ್ಪು ತಿಳ್ಕೋಬ್ಯಾಡ್ರಿ. ನಮ್ಮ ದೊಡ್ಡಪ್ಪ ತೀರಿಕೊಂಡಾನ. ನಮ್ಮನ್ಯಾಗ ಕಡಾಯಿ ಇಲ್ಲ, ನಿಮ್ಮನ್ಯಾಗ ಬಂದು ಹೆಂಗ ಇಡೂದ್ರಿ?”

“ಆತು ಬಸಣ್ಣ, ನೀವು ಹೇಳಿದಂಗ” ಅಂದೆ.

ಧಾರವಾಡದಲ್ಲಿರುವ ನನ್ನ ಅಕ್ಕ ಪಾರ್ವತಕ್ಕನಿಗೆ ತಿಳಿಸಿದೆ. ಅವಳದು ಬೇರೆಯೇ ಹಟ.

“ತವರಮನಿಯವರು ಇಡೂದಕಿಂತ ಮೊದ್ಲ ನಾ ಹೆಂಗ ಇಡ್ಲೋ ತಮ್ಮಾ? ನಾಳೆ ಅವರು, ನಮಗ ಮರ್ಯಾದಿ ಕೊಡ್ಲಿಲ್ಲ ಅಂದ್ರ?”

“ಆತಕ್ಕ, ನೀ ಹೇಳಿದಂಗ.”

ಪಂಚಮಿ ಹೋಯಿತು. ಗಣೇಶ ಚೌತಿ ಬಂತು. ಅಷ್ಟರಲ್ಲಿ ಅಕ್ಕ ಇನ್ನೊಂದು ದಾರಿ ಕಂಡುಹಿಡಿದಿದ್ದಳು. ನಮಗೆ ಮಕ್ಕಳಿಲ್ಲ. ಒಬ್ಬನೇ ಇದ್ದು ಏನು ಮಾಡುತ್ತೀ, ಬೆಂಗೇರಿಯ ಮನೆಗೆ ಬೀಗ ಹಾಕು, ನಮ್ಮ ಮ್ಯಾಲಿನ ಖೋಲಿಗೆ ಬಂದು ಇರು, ಎರಡೂ ಹೊತ್ತು ಬಿಸಿ ರೊಟ್ಟಿ ಹಾಕುತ್ತೇನೆ ಎಂದಳು. ಬೀಗ ಹಾಕಿದ ಮನೆಯಲ್ಲಿ ಕಡಾಯಿಯ ಪ್ರಶ್ನೆಯೇ ಇರುವುದಿಲ್ಲವಲ್ಲ! ನನಗೆ ಹೋಗಲು ಮನಸ್ಸಿರಲಿಲ್ಲ. ಇದ್ದ ಮನೆಯನ್ನು ಬಿಟ್ಟರೆ ಸುವರ್ಣಾಳನ್ನು ಇನ್ನೊಂದು ಸಲ ಕಳಿಸಿಕೊಟ್ಟ ಹಾಗೆ ಅನ್ನಿಸುತ್ತಿತ್ತು. ಆದರೂ ಬಾಯಿಂದ ಬಂದದ್ದು “ನೀ ಹೇಳಿದಂಗ” ಎಂಬುದೇ. ದಸರೆಗೆ ಬಂದು ಸಾಮಾನು ಕಟ್ಟುತ್ತೇನೆ ಎಂದು ಅವಳು ಗೊತ್ತು ಮಾಡಿಯೂ ಬಿಟ್ಟಳು.

ಹೇಳಿದಂಗ ಎನ್ನುವ ಈ ಮಾತು ನನಗೆ ಮಾರುಕಟ್ಟೆಯಿಂದ ಅಂಟಿದ್ದು ಇರಬೇಕು. ರೈತರಿಗೆ, ಖರೀದಿದಾರರಿಗೆ, ಸಾಹುಕಾರರಿಗೆ ದಿನವಿಡೀ ನೀವು ಹೇಳಿದಂಗ ಅನ್ನುವುದೇ ಗುಮಾಸ್ತನ ಕೆಲಸ. ಈಗ ಮೊಬೈಲಿನಲ್ಲಿ ದರ ಹಾಕುತ್ತಾರೆ. ಮೊದಲು ಬಾಯಿ ಸವಾಲು, ಅಂದರೆ ಕೂಗಿ ಮಾಡುವ ಹರಾಜು, ಇತ್ತು. ಒಣಮೆಣಸಿನಕಾಯಿಯ ರಾಶಿಯ ಸುತ್ತ ಖರೀದಿದಾರರು ನಿಲ್ಲುತ್ತಿದ್ದರು. ಒಂದೊಂದು ಕಾಯಿ ಮುರಿದು ಮೂಸುತ್ತಿದ್ದರು, ಆಕಾಶ ನೋಡುತ್ತಿದ್ದರು, ಯಾರೂ ಮೊದಲು ಬಾಯಿ ಬಿಡುತ್ತಿರಲಿಲ್ಲ. ಕೊನೆಗೆ ಯಾರೋ ಒಬ್ಬರು ಒಂದು ದರ ಕೂಗುತ್ತಿದ್ದರು. ಅವರೇನು ದೊಡ್ಡ ಧೈರ್ಯವಂತರಲ್ಲ. ಒಮ್ಮೆ ಕೇಳಿದ್ದಕ್ಕೆ ಒಬ್ಬರು, “ಚಹಾ ಆರಾಕತ್ತಿತ್ತೋ ಮಾರಾಯ” ಅಂದಿದ್ದರು. ದೊಡ್ಡ ನಿರ್ಧಾರಗಳೆಲ್ಲ ಯಾವುದೋ ಸಣ್ಣ ಕಾರಣಕ್ಕೇ ಆಗುತ್ತವೇನೋ.

ನನ್ನ ಕಾರಣ ಗೋಡೆಯ ಆಚೆಯಿಂದ ಬಂತು. ಚೌತಿ ಕಳೆದ ಮೇಲೆ ಒಂದು ಸಂಜೆ ಜಿಟಿಜಿಟಿ ಮಳೆ. ಪಕ್ಕದ ಮನೆಯ ಗೌರಮ್ಮನವರು ಕೆಮ್ಮುವುದು ಕೇಳಿಸಿತು. ಸಣ್ಣ ಕೆಮ್ಮಲ್ಲ, ಉಸಿರು ಕಟ್ಟುವ ಕೆಮ್ಮು. ಗಾಬರಿಯಾಗಿ ಹೋಗಿ ಬಾಗಿಲು ಬಡಿದೆ. ಬಾಗಿಲು ತೆರೆದರೆ ಮನೆಯ ತುಂಬ ಹೊಗೆ. ಎಪ್ಪತ್ತು ದಾಟಿದ ಜೀವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದೆ, ಒಲೆಯ ಮೇಲಿನ ಎಣ್ಣೆಯಲ್ಲಿ ಪೂರಿ ತೇಲುತ್ತಿದೆ, ಕಿಟಕಿಗಳೆಲ್ಲ ಗಟ್ಟಿಯಾಗಿ ಮುಚ್ಚಿವೆ.

“ಕಿಟಕಿ ಯಾಕ ಹಾಕೀರಿ ಅಮ್ಮಾರ?”

“ಏನಿಲ್ಲ ತಗೋರಿ.”

“ಏನಿಲ್ಲ ಅಂದ್ರ? ಜೀವ ಹೋಗ್ತಿತ್ತಲ್ರಿ!”

ಅವರು ಸೌಟನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು. “ನಿಮ್ಮನ್ಯಾಗ ಇನ್ನೂ ಕಡಾಯಿ ಇಟ್ಟಿಲ್ಲ. ನಮ್ಮ ವಾಸನಿ ನಿಮ್ಮ ಕಡೆ ಬಂದ್ರ ಛಲೋ ಕಾಣೂದಿಲ್ಲ. ಸುವರ್ಣಾ ಹೋದಾಗಿಂದ ನಾ ಕಿಟಕಿ ಹಾಕೇ ಕರೀತೇನ್ರಿ.”

ನಾನು ಯಾರ ತಂಟೆಗೂ ಹೋಗದೆ, ನನ್ನ ಪಾಡಿಗೆ ನಾನು ದುಃಖದಲ್ಲಿದ್ದೇನೆ ಅಂದುಕೊಂಡಿದ್ದೆ. ಗದಗಿನವರು ಧಾರವಾಡದವರನ್ನು ನೋಡುತ್ತಿದ್ದರು, ಧಾರವಾಡದವರು ಗದಗಿನವರನ್ನು ನೋಡುತ್ತಿದ್ದರು, ನಾನು ಇಬ್ಬರನ್ನೂ ನೋಡುತ್ತ ಕೂತಿದ್ದೆ. ಹೊಗೆ ಕುಡಿಯುತ್ತಿದ್ದವರು ಗೌರಮ್ಮ. ಸುವರ್ಣಾ ಇದ್ದಿದ್ದರೆ ನನ್ನನ್ನು ಬೈದು, ಸೆರಗು ಸಿಕ್ಕಿಸಿಕೊಂಡು, ಆ ಕಿಟಕಿಗಳನ್ನು ತಾನೇ ತೆರೆಯುತ್ತಿದ್ದಳು. ನಾನೇ ಹೋಗಿ ಒಂದೊಂದಾಗಿ ತೆರೆದೆ. ಅಲ್ಲಿಂದ ಸೀದಾ ಸಂತೆಯ ಕಡೆ ನಡೆದೆ.

ಕಾಯಿಪಲ್ಲೆ ಮಾರುವಾಕೆ “ಭಜಿಗೋ ಪಲ್ಯಾಕೋ?” ಎಂದಳು. ಒಣಮೆಣಸಿನಕಾಯಿಯಾದರೆ ಬಣ್ಣ ನೋಡಿ ಊರು ಹೇಳುತ್ತೇನೆ, ಹಸಿಯದರ ಜಾತಿ ನನಗೆ ತಿಳಿಯದು. “ಭಜಿಗಿ” ಎಂದೆ. “ಖಾರ ಇರಬೇಕೋ ಬ್ಯಾಡೋ?” ಎಂದಳು. ನೀವು ಹೇಳಿದಂಗ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು “ಖಾರ ಇರ್ಲಿ” ಎಂದೆ.

ಕಡಾಯಿ ಮೇಲಿನ ಅಟ್ಟದಲ್ಲಿ ಬೋರಲು ಬಿದ್ದಿತ್ತು. ತೊಳೆದೆ, ಒರೆಸಿದೆ, ಒಲೆಯ ಮೇಲಿಟ್ಟು ಎಣ್ಣೆ ಸುರಿದೆ. ಕಡಲೆಹಿಟ್ಟು ಕಲೆಸಿ ಮೆಣಸಿನಕಾಯಿ ಅದ್ದಿ ಬಿಟ್ಟರೆ ಹಿಟ್ಟೆಲ್ಲ ಎಣ್ಣೆಯಲ್ಲಿ ಹರಡಿ, ಕಾಯಿ ಬತ್ತಲೆಯಾಗಿ ತೇಲಿತು. ಕಿಟಕಿಯಲ್ಲಿ ನಿಂತು ಕೂಗಿದೆ. “ಗೌರಮ್ಮಾರ, ಹಿಟ್ಟು ನಿಲ್ಲವಲ್ದರೀ!”

“ನೀರ ಹೆಚ್ಚಾಗೇತಿ. ಇನ್ನೊಂದು ಹಿಡಿ ಹಿಟ್ಟ ಹಾಕ್ರಿ!” ಎಂದು ಆಚೆಯಿಂದ ಉತ್ತರ ಬಂತು. ಆಮೇಲೆ ಏನೋ ಹೊಳೆದವರಂತೆ ಇನ್ನೂ ಜೋರಾಗಿ, “ಏನು ಮಾಡಾಕತ್ತೀರಿ ನೀವು?”

ಇನ್ನೊಂದು ಹಿಡಿ ಹಿಟ್ಟು ಬೆರೆಸಿದ ಮೇಲೆ ಸರಿಯಾಗಿ ಬಂದ ಮೊದಲನೆಯದನ್ನು ಒಲೆಯ ಪಕ್ಕಕ್ಕೆ ಎತ್ತಿಟ್ಟೆ. ಎರಡನೆಯದನ್ನು ಕೈಗೆ ಹಾಕುವವರು ಇರಲಿಲ್ಲ. ಅದನ್ನು ತಟ್ಟೆಯಲ್ಲಿ ಬಹಳ ಹೊತ್ತು ನೋಡಿದೆ. ಕೊನೆಗೆ ನಾನೇ ಎತ್ತಿಕೊಂಡೆ. ಉಪ್ಪು ಕಡಿಮೆಯಾಗಿತ್ತು, ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಯಾವ ನೀರು ಯಾವುದಕ್ಕೆ ಎಂದು ನಾನು ವಿಂಗಡಿಸಲು ಹೋಗಲಿಲ್ಲ.

ಅಕ್ಕನಿಗೆ ಫೋನು ಮಾಡಿದೆ.

“ಅಕ್ಕಾ, ಕಡಾಯಿ ಇಟ್ಟೆ.”

“ಬಸಣ್ಣ ಬಂದಿದ್ನೇನು?”

“ಯಾರೂ ಬಂದಿಲ್ಲ. ನಾನ ಇಟ್ಟೆ.”

ಮರುದಿನ ಮಧ್ಯಾಹ್ನ ಅಕ್ಕ ಬಸ್ಸಿಳಿದು ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಬೈಗುಳ ಶುರುವಾಯಿತು. “ತಮ್ಮಾ, ನಮ್ಮ ವಂಶದಾಗ ಇಂಥಾದ್ದು ಯಾರೂ ಮಾಡಿಲ್ಲ. ಮಂದಿಗೆ ನಾ ಏನಂತ ಹೇಳ್ಲಿ?” ಅಡುಗೆಮನೆಗೆ ಹೋದಳು, ಮುಚ್ಚಿಟ್ಟಿದ್ದ ತಟ್ಟೆ ತೆರೆದಳು, ತಣ್ಣಗಾಗಿದ್ದ ಭಜಿಯೊಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು.

“ಉಪ್ಪಿಲ್ಲ” ಎಂದಳು.

“ಹೌದು.”

“ಓಂಕಾಳೂ ಹಾಕಿಲ್ಲ.”

“ಮುಂದಿನ ಸಲ ಹಾಕ್ತೇನಿ.”

ಮುಂದಿನ ಸಲ ಎಂಬ ಮಾತಿಗೆ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನೂ ನೋಡಿದೆ. ಚಿಕ್ಕಂದಿನಿಂದ ಅವಳ ಎದುರು ನಾನು ಇಷ್ಟು ಹೊತ್ತು ಕಣ್ಣು ಕೆಳಗೆ ಮಾಡದೆ ನಿಂತದ್ದು ಇದೇ ಮೊದಲಿರಬೇಕು.

“ಹಂಗಾರ ಮ್ಯಾಲಿನ ಖೋಲಿ ಬಾಡಿಗಿ ಕೊಡ್ಲೇನು?” ಎಂದು ಕೇಳಿದಳು. ಸಿಟ್ಟಿನಿಂದಲೇ ಕೇಳಿದ್ದು, ಆದರೆ ದನಿ ಕೊನೆಗೆ ಮೆತ್ತಗಾಗಿತ್ತು.

“ಕೊಡು ಅಕ್ಕಾ. ನಾ ಐತವಾರ ಬಂದು ಉಂಡು ಹೋಗ್ತೇನಿ.”

ಅವಳು ಸಂಜೆಯ ಬಸ್ಸಿಗೆ ಹೋದಳು. ದುಃಖ ಇಳಿಯಿತೇ ಎಂದು ಈಗ ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ. ಅದು ಮನೆಯಲ್ಲೇ ಇದೆ, ಎದುರಿನ ಮಣೆಯ ಮೇಲೆ ಕೂತಿರುತ್ತದೆ. ಆದರೆ ಸಂಜೆಯಾಗುತ್ತಿದ್ದಂತೆ ನನಗೆ ಹಸಿವಾಗುತ್ತದೆ, ನಾನು ಎದ್ದು ಒಲೆ ಹಚ್ಚುತ್ತೇನೆ. ಎದುರು ಕೂತ ದುಃಖ ಅದಕ್ಕೆ ಬೇಡ ಅನ್ನುವುದಿಲ್ಲ.