ಪಿಯಾನೋ ನೋಡಲು ಬಂದ ಮನೆ ಓನರ್

ಮನೆ ಖಾಲಿ ಮಾಡುವ ದಿನ ಪಿಯಾನೋ ಎತ್ತಿದಾಗ ಅದರಡಿಯಿಂದ ಹಳೆಯ ಹತ್ತಿ ಹಾಸಿಗೆಯೊಂದು ಹೊರಬಂತು. ಹಪ್ಪಳದ ಹಾಗೆ ಚಪ್ಪಟೆಯಾಗಿತ್ತು. ಮಡಿಸಲು ಹೋದರೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷದ ಮೇಲೂ ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಆ ಹಾಸಿಗೆ ನಮ್ಮ ಓನರ್ ಕೊಟ್ಟದ್ದು.

ಮಲ್ಲೇಶ್ವರದ ಆ ಮನೆಯಲ್ಲಿ ನಾವು ಮೇಲೆ ಬಾಡಿಗೆಗಿದ್ದೆವು. ಓನರ್ ತಮ್ಮ ಹೆಂಡತಿಯೊಂದಿಗೆ ಕೆಳಗಿದ್ದರು. ಮಗಳು ಆಗ ಆರನೆಯ ತರಗತಿ ಮುಗಿಸಿದ್ದಳು. ಅಲ್ಲಿಯವರೆಗೆ ಒಂದು ಸಣ್ಣ ಕೀಬೋರ್ಡಿನಲ್ಲೇ ಕಲಿತಿದ್ದಳು. ಆಟಿಕೆಯಂಥ ಹಗುರ ಕೀಗಳಲ್ಲಿ ಬೆರಳಿಗೆ ಬಲ ಬರುವುದಿಲ್ಲ, ರಜೆ ಮುಗಿಯುವಷ್ಟರಲ್ಲಿ ಭಾರದ ಕೀಗಳಿರುವ ಪಿಯಾನೋ ಮನೆಗೆ ಬರದಿದ್ದರೆ ಮುಂದಿನ ಹಂತಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದು ಅವಳ ಟೀಚರ್ ಖಡಾಖಂಡಿತವಾಗಿ ಹೇಳಿದ್ದರು. ಹೊಸದು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಯಾರಾದರೂ ಬಳಸಿ ಬಿಟ್ಟ ಡಿಜಿಟಲ್ ಪಿಯಾನೋ ಹುಡುಕತೊಡಗಿದೆ. ಹೆಡ್‌ಫೋನ್ ಹಾಕಿಕೊಂಡು ನುಡಿಸಬಹುದು, ನಿಮಗೇನೂ ತೊಂದರೆಯಿಲ್ಲ ಎಂದು ಓನರಿಗೆ ಒಂದು ಮಾತು ಹೇಳಿಟ್ಟೆ.

“ಹೆಡ್‌ಫೋನ್ ಹಾಕ್ಕೊಂಡ್ರೆ ಹಾಡು ಅವಳಿಗೆ ಕೇಳ್ಸುತ್ತೆ. ಬೆರಳು ಬಡಿಯೋ ಸದ್ದು ನನಗೆ ಕೇಳ್ಸುತ್ತೆ ಕಣ್ರೀ,” ಎಂದರು. “ಇದು ನಮ್ಮಜ್ಜನ ಕಾಲದ ತಾರಸಿ. ನೀವು ಮೇಲೆ ಈರುಳ್ಳಿ ಹೆಚ್ಚಿದ್ರೆ ಎಷ್ಟು ಈರುಳ್ಳಿ ಅಂತ ಕೆಳಗಿಂದ್ಲೇ ಹೇಳ್ತೀನಿ. ಪಿಯಾನೋ ನಾನೇ ನೋಡಿ ಒಪ್ಪಬೇಕು. ಇಲ್ದಿದ್ರೆ ನಮ್ಮನೇಗೆ ಬೇಡ.”

ಹೀಗೆ ಭಾನುವಾರಗಳಂದು ಒಂದೇ ಆಟೋದಲ್ಲಿ ನಾನು, ಮಗಳು, ಓನರ್. ಮೊದಲು ಹೋದದ್ದು ಕುಮಾರ ಪಾರ್ಕಿನ ಒಂದು ಫ್ಲಾಟಿಗೆ. ಮಗಳು ಕೂತು ನುಡಿಸತೊಡಗಿದಳು. ಅವಳ ಮುಖ ನೋಡಿ, ಇನ್ನು ಬೇರೆ ಕಡೆ ಹೋಗುವುದೇ ಬೇಡ ಎಂದುಕೊಂಡೆ. ತಿರುಗಿ ನೋಡಿದರೆ ಓನರ್ ಇಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಹೆಂಗಸನ್ನು ಜೊತೆಗೆ ಕರೆದುಕೊಂಡು ಬಂದರು. ಕೆಳಗಿನ ಫ್ಲಾಟಿಗೆ ಹೋಗಿ ಬೆಲ್ ಮಾಡಿ, ಮೇಲಿನ ಸದ್ದು ನಿಮಗೆ ಕೇಳಿಸುತ್ತದೆಯೇ ಎಂದು ವಿಚಾರಿಸಿದ್ದರಂತೆ!

“ಕೇಳ್ಸುತ್ತಾ ಅಂತೀರಾ! ಟಕ ಟಕ, ಟಕ ಟಕ! ನಮ್ಮ ತಲೆ ಮೇಲೆ ಕುದುರೆ ಕಟ್ಟಿದಾರೆ,” ಎಂದು ಆಕೆ ಬಾಗಿಲಲ್ಲೇ ಶುರು ಮಾಡಿದರು.

“ನಿಮ್ಮ ಮಿಕ್ಸಿ ಬಗ್ಗೆ ನಾನು ಯಾವತ್ತಾದ್ರೂ ಮಾತಾಡಿದೀನಾ?” ಎಂದರು ಪಿಯಾನೋ ಮಾರಲಿದ್ದಾಕೆ.

ಜಗಳ ಮಿಕ್ಸಿಯಿಂದ ಪಾರ್ಕಿಂಗಿಗೆ, ಪಾರ್ಕಿಂಗಿನಿಂದ ನಾಯಿಗೆ ಹೋಯಿತು... ಕೊನೆಗೆ ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಬಸವನಗುಡಿಯಲ್ಲೂ ಇದೇ ಪಾಡು. ಅಲ್ಲಿ ಕೆಳಗಿನ ಮನೆಯವರು ಓನರ್ ಕೈ ಹಿಡಿದುಕೊಂಡು, “ನಿಮಗೆ ಪುಣ್ಯ ಬರುತ್ತೆ, ಇವತ್ತೇ ತೊಗೊಂಡ್ಹೋಗಿ ಸಾರ್,” ಎಂದು ಬೇಡಿಕೊಂಡದ್ದು ನನಗೆ ನೆನಪಿದೆ. ಅಂಥದ್ದೇನೂ ನಡೆಯಲಿಲ್ಲ, ಅದು ನೀನೇ ಕಟ್ಟಿದ್ದು ಎನ್ನುತ್ತಾಳೆ ಮಗಳು. ಇರಬಹುದು. ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ, ಯಾವುದು ಕಂಡದ್ದು, ಯಾವುದು ಸೇರಿಸಿದ್ದು ಎಂದು ಈಗ ನನಗೇ ತಿಳಿಯದು. ಆದರೆ ವಾಪಸು ಬರುವಾಗ ಅವಳು ಆಟೋದ ಹೊರಗೆ ಮುಖ ಮಾಡಿ ಅತ್ತದ್ದನ್ನು ನಾನು ಕಟ್ಟಿಲ್ಲ.

ರಜೆಯ ಕೊನೆಯ ವಾರ ಚಾಮರಾಜಪೇಟೆಯಲ್ಲಿ ಒಂದು ಸಿಕ್ಕಿತು. ಪೆಡಲ್ ಕಿರುಗುಟ್ಟುತ್ತಿತ್ತು, ಅದಕ್ಕೇ ಬೆಲೆ ನಮ್ಮ ಮಟ್ಟಕ್ಕೆ ಇಳಿದಿತ್ತು. ಅವರದು ಬರೀ ಒಂದು ಅಂತಸ್ತಿನ ಮನೆ. ಓನರ್ ಹೊರಗೆ ಹೋಗಿ ಸುತ್ತು ಹಾಕಿ ಬಂದರು.

“ಇಲ್ಲಿ ಕೆಳಗೆ ಯಾರೂ ಇಲ್ವಲ್ರೀ. ಹೆಂಗೆ ನಂಬೋದು?”

ನನ್ನ ತಾಳ್ಮೆ ಮುಗಿಯಿತು. “ಸಾರ್, ಬಾರಿಸೋದು ನಮ್ಮ ಹುಡುಗಿ.”

“ಕೆಳಗೆ ಮಲಗೋದು ನಾನು.”

ಮಗಳು ಸ್ಟೂಲಿನಿಂದ ಎದ್ದಳು. “ತಾತ, ನೀವು ಎಷ್ಟೊತ್ತಿಗೆ ಮಲಗ್ತೀರಾ? ಅದಕ್ಕೆ ಮುಂಚೆ ಮುಗಿಸ್ಬಿಡ್ತೀನಿ.”

ನಾನು ಇದನ್ನು ಅವರನ್ನು ಕೇಳಿಯೇ ಇರಲಿಲ್ಲ. ಅವರು, “ಎಂಟೂವರೆಗೆ. ಒಂದು ನಿಮಿಷ ಆಚೆ ಹೋಗ್ಬಾರ್ದು,” ಎಂದರು. ಪಿಯಾನೋ ಬಂದ ಸಂಜೆ ಹಾಸಿಗೆಯನ್ನು ತಾವೇ ಹೊತ್ತು ತಂದು, ಅದರಡಿಗೆ ಹಾಸಿಸಿ, ಸರಿಯಾಗಿ ಹಾಸಿಲ್ಲವೆಂದು ಮತ್ತೆ ಎತ್ತಿಸಿದರು.

ಮಗಳು ಮಾತು ಉಳಿಸಿಕೊಂಡಳು. ಕೆಲವು ತಿಂಗಳ ಮೇಲೆ ಒಂದು ದಿನ ಅವಳಿಗೆ ಜ್ವರ ಬಂತು. ಎಂಟೂವರೆಗೆ ಬೆಲ್ ಆಯಿತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಓನರ್ ನಿಂತಿದ್ದರು.

“ಯಾಕ್ರೀ, ಇವತ್ತಿನ್ನೂ ಶುರುವಾಗಿಲ್ಲ?”

“ಬಾರಿಸಿದ್ರೂ ಕಷ್ಟ, ಬಾರಿಸ್ದೇ ಇದ್ರೂ ಕಷ್ಟಾನಾ ಸಾರ್?”

“ಅದು ನಿಂತ್ಮೇಲೆ ಮಲಗೋದು ರೂಢಿ ಆಗಿದೆ. ಇವತ್ತು ಇಲ್ಲ ಅಂತ ಮೊದಲೇ ಹೇಳ್ಬಾರ್ದಾ? ಕಾಯ್ತಾ ಕೂತಿದೀನಿ.”

ಗೊಣಗುತ್ತಲೇ ಮೆಟ್ಟಿಲಿಳಿದರು. ಮರುದಿನ ಮೆಣಸಿನ ಸಾರು ತಂದುಕೊಟ್ಟು, ನಾಳೆಯಾದರೂ ಕೂರುತ್ತಾಳೋ ಇಲ್ಲವೋ ಎಂದು ಕೇಳಿದರು.

ಆ ಟಕ ಟಕದಲ್ಲೇ ಅವರು ಸಂಗೀತ ಕೇಳುತ್ತಿದ್ದರು ಎಂದು ಬರೆದರೆ ಚೆನ್ನಾಗಿರುತ್ತದೆ. ನನಗೆ ಹಾಗೆ ಅನ್ನಿಸಿಲ್ಲ. ಅವರಿಗೆ ಬೇಕಿದ್ದದ್ದು ನಿದ್ದೆ, ಅಷ್ಟೇ. ಅಥವಾ... ಹೋದವರ ವಿಷಯದಲ್ಲಿ ನಾನೇಕೆ ಇಷ್ಟು ಜಿಪುಣನೋ. ಕಳೆದ ವರ್ಷ ಅವರು ತೀರಿಕೊಂಡರು. ಆಮೇಲೆ ಆ ಮನೆ ಮಾರಾಟವಾಯಿತು.

ಈಗ ನಾವಿರುವುದು ಐದನೆಯ ಮಹಡಿಯಲ್ಲಿ. ಕೆಳಗೆ ಯಾರಿದ್ದಾರೋ ಗೊತ್ತಿಲ್ಲ. ಮಗಳಿಗೆ ಕಾಲೇಜು, ಪರೀಕ್ಷೆ. ಹೋದ ವಾರ ಪೂರ್ತಿ ಅವಳು ಪಿಯಾನೋ ಮುಟ್ಟಲಿಲ್ಲ. ಯಾರೂ ಬಂದು ಯಾಕೆಂದು ಕೇಳಲಿಲ್ಲ.