ಮಾನಿಟರ್ ಆರಿಸಲು ಹೋದ ಶನಿವಾರ

ನಾನು ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವಳು. ವಯಸ್ಸು ನಲವತ್ತಮೂರು. ಸಂಜೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತೇನೆ. ಎರಡನ್ನೂ ಒಟ್ಟಿಗೆ ಹೇಳಿದರೆ ಕೇಳಿದವರು ಎರಡನೆಯದನ್ನು ತಮಾಷೆ ಎಂದುಕೊಳ್ಳುತ್ತಾರೆ. ಹಾಗಾಗಿ ಹೇಳುವುದು ಕಡಿಮೆ.

ಆಟ ಹತ್ತಿಕೊಂಡದ್ದು ಗಲ್ಫಿನಲ್ಲಿ. ಅಲ್ಲಿ ಆರು ವರ್ಷ ದುಡಿದೆ. ರಜೆಯ ದಿನ ಹೊರಗೆ ಕಾಲಿಡಲಾಗದ ಬಿಸಿಲು. ಒಂದೇ ಕೋಣೆಯಲ್ಲಿದ್ದ ನರ್ಸ್ ಒಬ್ಬಳು ತನ್ನ ತಮ್ಮನ ಹಳೆಯ ಆಟದ ಪೆಟ್ಟಿಗೆಯನ್ನು ಟಿವಿಗೆ ಸಿಕ್ಕಿಸಿ ಕಾರು ಓಡಿಸಲು ಕಲಿಸಿದಳು. ಊರಿಗೆ ಮರಳಿ ಕೊಟ್ಟಾರದಲ್ಲಿ ಅಮ್ಮನ ಜೊತೆ ಇರಲು ಶುರುಮಾಡಿದಾಗ ಕಂಪ್ಯೂಟರ್ ಕೊಂಡೆ. ಯಾವುದೋ ಆಫೀಸಿನವರು ಮಾರಿದ ಮಾನಿಟರ್ ಅಗ್ಗಕ್ಕೆ ಸಿಕ್ಕಿತು. ಎಂಟು ವರ್ಷ ಅದರಲ್ಲೇ ಆಡಿದೆ. ಒಂದು ದಿನ ಪರದೆಯ ನಡುವೆ ಹಸಿರು ಗೆರೆ ಮೂಡಿತು, ವಾರದಲ್ಲಿ ಗೆರೆಗಳು ನಾಲ್ಕಾದವು, ಆಮೇಲೆ ಚಿತ್ರವೇ ಬರಲಿಲ್ಲ.

ಹದಿನೈದು ಸಾವಿರ ರೂಪಾಯಿಯೊಳಗೆ ಗೇಮಿಂಗ್ ಮಾನಿಟರ್ ಒಂದನ್ನು ಕೊಳ್ಳುವುದೆಂದು ತೀರ್ಮಾನಿಸಿದೆ. ಎರಡು ವಾರ ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದೆ. ಮೊದಲ ವಾರ ಗೊಂದಲವೇ ಹೆಚ್ಚಾಯಿತು. ಹರ್ಟ್ಸ್ ಅಂದರೆ ಪರದೆ ಒಂದು ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ. ನನ್ನ ಹಳೆಯದರದ್ದು ಅರವತ್ತು, ಈಗಿನ ಅಗ್ಗದವೂ ನೂರೆಂಬತ್ತು. ಅದು ಅರ್ಥವಾಯಿತು. ದೊಡ್ಡ ಪರದೆಯಲ್ಲಿ ಹೆಚ್ಚು ಚುಕ್ಕಿಗಳಿದ್ದರೆ ಚಿತ್ರ ಚೂಪು, ಆದರೆ ಅಷ್ಟು ಚುಕ್ಕಿ ತುಂಬಿಸುವ ತಾಕತ್ತು ನನ್ನ ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ಇಲ್ಲ. ಪರದೆಗೆ ಖರ್ಚುಮಾಡಿ ಕಾರು ಕುಂಟುತ್ತಾ ಓಡಿದರೆ ಏನು ಬಂತು? ಉಳಿದದ್ದು ಪರದೆಯ ಜಾತಿಯ ಪ್ರಶ್ನೆ. ಒಂದು ಜಾತಿಯದರಲ್ಲಿ ಕಪ್ಪು ನಿಜವಾಗಿ ಕಪ್ಪಾಗಿರುತ್ತದೆ, ಆದರೆ ಕತ್ತಲಲ್ಲಿ ಓಡುವ ವಸ್ತುವಿನ ಹಿಂದೆ ಮಸಿ ಎಳೆದ ಹಾಗೆ ಕಾಣುತ್ತದೆ. ಇನ್ನೊಂದರಲ್ಲಿ ಓಟ ಶುದ್ಧ, ಕಪ್ಪು ಮಾತ್ರ ಸ್ವಲ್ಪ ಬೂದು. ಇದನ್ನು ಓದಿ ತಿಳಿಯಲು ಆಗುವುದಿಲ್ಲ, ಕಣ್ಣಿಂದಲೇ ನೋಡಬೇಕು ಅನ್ನಿಸಿತು.

ನಮ್ಮ ವಿಭಾಗದ ಹಿರಿಯ ಟೆಕ್ನಿಷಿಯನ್ ಒಂದು ದಿನ ನನ್ನ ಮೊಬೈಲಿಗೆ ಬಗ್ಗಿ ನೋಡಿದರು. ನಿವೃತ್ತಿಗೆ ಅವರಿಗೆ ಒಂಬತ್ತು ತಿಂಗಳಿತ್ತು. ಗಲ್ಫಿಗೆ ಹೋಗುವ ಮುಂಚೆ, ಇದೇ ಆಸ್ಪತ್ರೆಗೆ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಫಿಲ್ಮನ್ನು ಕತ್ತಲ ಕೋಣೆಯಲ್ಲಿ ತೊಳೆಯುವುದನ್ನು ಕಲಿಸಿದವರು ಅವರೇ. ಬೈಕಂಪಾಡಿಯ ಕಡೆಯವರು, ಮನೆಮಾತು ತುಳು, ನನ್ನದು ಕೊಂಕಣಿ. ನಮ್ಮ ಮಾತು ಕನ್ನಡದಲ್ಲಿ.

“ಎಂತ ಮಾರಾಯ್ತಿ, ಟಿವಿ ತಗೊಳ್ತೀಯಾ?”

“ಮಾನಿಟರ್ ಸರ್. ಗೇಮಿಗೆ.”

ಅವರು ನಗಲಿಲ್ಲ. “ಕಪ್ಪು ಹೇಗುಂಟು ನೋಡಿ ತಗೋ. ಅಂಗಡಿಯವರು ಬಣ್ಣ ಬಣ್ಣದ ಮೀನು ತೋರಿಸ್ತಾರೆ. ಮೀನು ಎಲ್ಲದರಲ್ಲೂ ಚಂದವೇ. ನಮ್ಮ ಪ್ಯಾಟರ್ನ್ ಹಾಕಿ ನೋಡ್ಬೇಕು. ಶನಿವಾರ ನಾನೂ ಬರ್ತೇನೆ.”

ಪ್ಯಾಟರ್ನ್ ಎಂದರೆ ಆಸ್ಪತ್ರೆಯ ಪರದೆಗಳನ್ನು ಪರೀಕ್ಷಿಸಲು ನಾವು ಬಳಸುವ ಒಂದು ಚಿತ್ರ. ಅದರಲ್ಲಿ ಕಪ್ಪಿನಿಂದ ಬಿಳಿಯವರೆಗೆ ಬೂದುಬಣ್ಣದ ಮೆಟ್ಟಿಲುಗಳಿವೆ. ಒಂದು ಕಪ್ಪು ಚೌಕದೊಳಗೆ ಅದಕ್ಕಿಂತ ಕೂದಲೆಳೆಯಷ್ಟು ತಿಳಿಯಾದ ಸಣ್ಣ ಚೌಕವಿದೆ. ಅದು ಕಂಡರೆ ಪರದೆ ಸರಿ. ಕಾಣದಿದ್ದರೆ ಆ ಪರದೆಯಲ್ಲಿ ಎಲುಬಿನ ಸಣ್ಣ ಬಿರುಕೂ ಕಾಣದೆ ಹೋಗಬಹುದು. ನಾನು ಆ ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ.

ಶನಿವಾರ ಮಧ್ಯಾಹ್ನ ಪಾಳಿ ಮುಗಿಸಿ ಇಬ್ಬರೂ ಬಸ್ಸಿನಲ್ಲಿ ಪೇಟೆಯ ಹಂಪನಕಟ್ಟೆಗೆ ಹೋದೆವು. ಅವರು ಸ್ಕೂಟರ್ ತರುವುದನ್ನು ಬಿಟ್ಟು ಕೆಲವು ತಿಂಗಳಾಗಿತ್ತು, ಸೊಂಟನೋವು ಅಂದಿದ್ದರು. ಅಂಗಡಿ ಮೊದಲ ಮಹಡಿಯಲ್ಲಿ. ಗಡ್ಡ ಬಿಟ್ಟ, ಮೂವತ್ತೈದರ ಆಸುಪಾಸಿನ ಮಾಲೀಕರೇ ಎದುರಾದರು.

“ಮಗನಿಗಾ ಮೇಡಂ?”

“ನನಗೆ.”

“ಯಾವ ಗೇಮ್ ಆಡ್ತೀರಿ?” ಎಂದು ಅವರು ಕೂಡಲೇ ಕೇಳಿದರು. ಅವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಬಂದದ್ದು ಆಗಲೇ. ಕಾರ್ ರೇಸ್, ಹೆಚ್ಚಾಗಿ ಕಾಡುದಾರಿಯದ್ದು, ಎಂದೆ. ಕಾರ್ಡ್ ಯಾವುದು ಎಂದು ಕೇಳಿ ತಿಳಿದುಕೊಂಡು ಮೂರು ಮಾನಿಟರ್ ಸಾಲಾಗಿ ಹಚ್ಚಿದರು. ಒಂದು ಇಪ್ಪತ್ತೇಳು ಇಂಚಿನ ಬಾಗಿದ ಪರದೆ. ಇನ್ನೊಂದು ಅಷ್ಟೇ ದೊಡ್ಡದು, ಚುಕ್ಕಿ ಹೆಚ್ಚು, ಬೆಲೆ ನನ್ನ ಮಿತಿ ದಾಟಿತ್ತು. ಮೂರನೆಯದು ಇಪ್ಪತ್ತನಾಲ್ಕು ಇಂಚಿನ ಸಾದಾ ಚಪ್ಪಟೆ. ಮೂರರಲ್ಲೂ ಮೀನುಗಳು ಈಜುತ್ತಿದ್ದವು.

ಹಿರಿಯರು ನನ್ನನ್ನು ನೋಡಿ ಹುಬ್ಬು ಹಾರಿಸಿದರು. ಪೆನ್‌ಡ್ರೈವ್ ಕೊಟ್ಟೆ. ಪ್ಯಾಟರ್ನ್ ಮೂರರ ಮೇಲೂ ಬಂತು. ಮೇಲಿನ ದೀಪ ಆರಿಸಲು ಹಿರಿಯರೇ ಹೇಳಿದರು, ಆ ಚಿತ್ರ ಏನು, ಯಾಕೆ ಎಂದು ಮಾಲೀಕರಿಗೆ ವಿವರಿಸಿದರು. ಪಾಠ ಮಾಡುವಾಗಿನ ಅವರ ದನಿ ಇಪ್ಪತ್ತು ವರ್ಷ ಕಳೆದರೂ ಬದಲಾಗಿರಲಿಲ್ಲ. ಆಮೇಲೆ ಬಾಗಿದ ಪರದೆಯ ಮುಂದೆ ಬಗ್ಗಿದರು.

“ಇದರಲ್ಲಿ ಒಳಗಿನ ಚೌಕ ಇಲ್ಲ. ಇದು ಬೇಡ.”

ನನಗೆ ಚೌಕ ಕಾಣುತ್ತಿತ್ತು. ಅವರು ನಿಂತ ಕೋನ ಸರಿಯಿಲ್ಲವೇನೋ ಎಂದುಕೊಂಡೆ. ಅವರು ಎರಡನೆಯದಕ್ಕೆ ಸರಿದರು.

“ಇದರಲ್ಲೂ ಇಲ್ಲ.” ಮೂರನೆಯದರ ಮುಂದೆ ಹೆಚ್ಚು ಹೊತ್ತು ನಿಂತರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. “ಎಂತ ಮಾಲು ಇಟ್ಟಿದ್ದೀರಿ ನೀವು? ಒಂದೂ ಸರಿ ಇಲ್ಲ.”

“ಕಾಣ್ತದಲ್ಲ ಸರ್,” ಎಂದರು ಮಾಲೀಕರು, ಸಮಾಧಾನದಿಂದಲೇ. “ನನಗೆ ಮೂರರಲ್ಲೂ ಕಾಣ್ತಾ ಉಂಟು.”

“ಎಲ್ಲಿ ಉಂಟು?”

ಮಾಲೀಕರು ಬೆರಳಿಟ್ಟು ತೋರಿಸಿದರು. ಹಿರಿಯರು ಆ ಬೆರಳನ್ನೇ ನೋಡಿದರು. “ಹಾಂ,” ಎಂದರು. ಅದು ಕಂಡವರ ಹಾಂ ಅಲ್ಲ ಎಂದು ನನಗೆ ತಿಳಿಯಿತು. ಮಾಲೀಕರಿಗೂ ತಿಳಿದಿರಬೇಕು, ಅವರು ಹೋಗಿ ದೀಪ ಹಾಕಿದರು.

ಆಗ ನನಗೆ ನೆನಪಾದದ್ದು ಎರಡು ವಾರದ ಹಿಂದಿನ ಒಂದು ಮಣಿಕಟ್ಟು. ಅವರು ತೆಗೆದ ಚಿತ್ರ ಅಲುಗಾಡಿ ಮಸುಕಾಗಿತ್ತು. ಅದನ್ನು ಸರಿ ಎಂದು ಕಳಿಸಿಬಿಟ್ಟಿದ್ದರು, ಚಿತ್ರ ಓದುವ ನಮ್ಮ ವಿಭಾಗದ ಡಾಕ್ಟರು ಮತ್ತೊಮ್ಮೆ ತೆಗೆಯಲು ಹೇಳಿದ್ದರು. ಅದಕ್ಕೂ ಮುಂಚೆ ಒಂದು ಸೊಂಟದ್ದು ಹಾಗೆಯೇ ಆಗಿತ್ತು. ಕೆಲಸದ ಅವಸರ ಎಂದು ನಾನು ಬಿಟ್ಟಿದ್ದೆ.

ಆಟದ ವಿಡಿಯೊ ಹಾಕಿಸಿ ನೋಡಿದೆ. ಬಾಗಿದ ಪರದೆಯಲ್ಲಿ ಕಾಡಿನ ಕಪ್ಪು ಚೆನ್ನಾಗಿತ್ತು, ಆದರೆ ಮರಗಳು ಹಿಂದೆ ಸರಿಯುವಾಗ ಮಸಿ ಎಳೆಯುತ್ತಿದ್ದವು. ತಿರುವು ಎಲ್ಲಿ ಶುರುವಾಗುತ್ತದೆ ಎಂದು ಹಿಡಿಯಲು ಕಷ್ಟ. ಇಪ್ಪತ್ತನಾಲ್ಕು ಇಂಚಿನದರಲ್ಲಿ ಕಪ್ಪು ಸ್ವಲ್ಪ ಬೂದಾದರೂ ಪ್ರತಿ ಮರ ಪ್ರತ್ಯೇಕ ಕಾಣುತ್ತಿತ್ತು. ಅದರ ಸ್ಟ್ಯಾಂಡ್ ಎತ್ತರಿಸಲು ಬರುವುದಿಲ್ಲ ಎಂದು ಮಾಲೀಕರೇ ಹೇಳಿದರು. ಪರವಾಗಿಲ್ಲ, ಎಂದೆ. ಮಿತಿಯೊಳಗೇ ಇತ್ತು. ಕೊಂಡೆ.

ಪೆಟ್ಟಿಗೆ ಹಿಡಿದು ಕೆಳಗಿನ ಹೋಟೆಲಿಗೆ ಹೋದೆವು. ಪೆಟ್ಟಿಗೆಯನ್ನು ಒಂದು ಕುರ್ಚಿಯ ಮೇಲೆ ಕೂರಿಸಿ ಚಹಾ, ಗೋಳಿಬಜೆ ಹೇಳಿದೆವು. ಗೋಳಿಬಜೆ ಬರುವವರೆಗೆ ಕಾದು ಕೇಳಿದೆ.

“ಸರ್, ಕಣ್ಣು ಯಾವಾಗ ತೋರಿಸಿದ್ದು?”

“ಯಾರ ಕಣ್ಣು?”

“ನಿಮ್ಮದು. ಮೂರರಲ್ಲೂ ಚೌಕ ಇತ್ತು.”

ಅವರು ಚಟ್ನಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. “ನೀನು ನನ್ನನ್ನು ಟೆಸ್ಟ್ ಮಾಡ್ಲಿಕ್ಕೆ ಕರ್ಕೊಂಡು ಬಂದದ್ದಾ?”

“ನೀವೇ ಬರ್ತೇನೆ ಅಂದದ್ದು.”

“ಆ ಅಂಗಡಿಯ ಲೈಟ್ ಸರಿ ಇಲ್ಲ. ಪ್ಯಾಟರ್ನ್ ನನಗೆ ಕಲಿಸ್ತೀಯಾ? ನಿನಗೆ ಕಲಿಸಿದ್ದೇ ನಾನು.”

“ಹೌದು ಸರ್. ಅದಕ್ಕೇ ಕೇಳಿದ್ದು.”

ಅವರು ಎದ್ದರು. ಹಣ ಅವರೇ ಕೊಟ್ಟರು. ತಾವು ಬಸ್ ಹತ್ತುವ ಮುನ್ನ ನನಗೂ ಪೆಟ್ಟಿಗೆಗೂ ಆಟೋ ಮಾಡಿಕೊಟ್ಟು, ಡ್ರೈವರಿಗೆ ಮೆಲ್ಲ ಹೋಗಲು ಹೇಳಿದರು. ನನ್ನ ಮುಖ ನೋಡಲಿಲ್ಲ.

ಮನೆಯಲ್ಲಿ ಮಾನಿಟರ್ ಹಚ್ಚಿದೆ. ಹಳೆಯದಕ್ಕಿಂತ ಏನೂ ವ್ಯತ್ಯಾಸ ಕಾಣಲಿಲ್ಲ. ಕಂಪ್ಯೂಟರ್ ಅದನ್ನೂ ಅರವತ್ತರಲ್ಲೇ ಓಡಿಸುತ್ತಿದೆ ಎಂದು ತಿಳಿಯಲು ಅರ್ಧ ಗಂಟೆ ಹಿಡಿಯಿತು. ಸೆಟ್ಟಿಂಗಿನಲ್ಲಿ ನೂರೆಂಬತ್ತು ಮಾಡಿದ ಮೇಲೆ ರಸ್ತೆ ನೀರಿನ ಹಾಗೆ ಹರಿಯಿತು. ಪರದೆ ತಗ್ಗಾಗಿತ್ತು, ಅಮ್ಮ ಖಾಲಿ ಬಿಸ್ಕತ್ ಡಬ್ಬ ತಂದು ಅಡಿಗಿಟ್ಟರು. “ಇಷ್ಟು ಚಿಕ್ಕದಾ?” ಎಂದು ಕೇಳಿ ಒಳಗೆ ಹೋದರು. ಎರಡು ಓಟ ಆಡಿ ಆರಿಸಿದೆ. ಆಟದಲ್ಲಿ ಮನಸ್ಸು ನಿಲ್ಲಲಿಲ್ಲ.

ಡಾಕ್ಟರಿಗೆ ನಾನೇ ಹೇಳಬೇಕೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ಹೇಳಿದರೆ ನಲವತ್ತು ವರ್ಷದ ಹತ್ತಿರ ದುಡಿದವರನ್ನು ಕೊನೆಯ ತಿಂಗಳುಗಳಲ್ಲಿ ಚೀಟಿ ಬರೆಯುವ ಮೇಜಿಗೆ ಕೂರಿಸಬಹುದು. ಹೇಳದಿದ್ದರೆ ಇನ್ನೊಂದು ಮಣಿಕಟ್ಟು. ಬುಧವಾರದವರೆಗೆ ಕಾಯುವುದೆಂದು ನಿರ್ಧರಿಸಿದೆ. ಅಲ್ಲಿಯವರೆಗೆ ಅವರು ತೆಗೆದ ಪ್ರತಿ ಚಿತ್ರವನ್ನೂ ಕಳಿಸುವ ಮುನ್ನ ನಾನೊಮ್ಮೆ ನೋಡಿದೆ. ಅವರಿಗೆ ಅದು ತಿಳಿದಿತ್ತು. ಸೋಮವಾರ ಮಾತಾಡಲಿಲ್ಲ. ಮಂಗಳವಾರವೂ ಇಲ್ಲ.

ಬುಧವಾರ ಊಟದ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದು ಕೈ ಚಾಚಿದರು.

“ಆ ಪೆನ್‌ಡ್ರೈವ್ ಉಂಟಾ?”

ಕೊಟ್ಟೆ. ಅವರು ಡಾಕ್ಟರು ಚಿತ್ರಗಳನ್ನು ಓದುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಲ್ಲಿನ ಪರದೆಗಳು ಆಸ್ಪತ್ರೆಯಲ್ಲೇ ಒಳ್ಳೆಯವು, ನನ್ನಂಥವಳು ಜನ್ಮದಲ್ಲಿ ಕೊಳ್ಳಲಾಗದವು. ಹತ್ತು ನಿಮಿಷ ಕಳೆದು ಹೊರಬಂದರು.

“ಅಲ್ಲಿಯೂ ಇಲ್ಲ,” ಎಂದರು.

ನಾನು ಕುರ್ಚಿ ಎಳೆದು ಕೊಟ್ಟೆ. ಅವರು ಕೂರಲಿಲ್ಲ.

“ಎರಡು ಸಲ ಕನ್ನಡಕ ಬದಲಿಸಿದೆ. ಸಂಜೆ ಎದುರಿಂದ ಬರುವ ಬೈಕಿನ ಲೈಟ್ ಇಡೀ ರಸ್ತೆಗೆ ಹರಡ್ತದೆ. ಸ್ಕೂಟರ್ ಬಿಟ್ಟದ್ದು ಅದಕ್ಕೆ. ಮನೆಯಲ್ಲಿಯೂ ಸೊಂಟ ಅಂತಲೇ ಹೇಳಿದ್ದು.” ಪೆನ್‌ಡ್ರೈವನ್ನು ನನ್ನ ಮೇಜಿನ ಮೇಲಿಟ್ಟು, “ಡಾಕ್ಟರಿಗೆ ನಾನೇ ಹೇಳ್ತೇನೆ. ನೀನು ಎಂತದೂ ಹೇಳ್ಲಿಕ್ಕೆ ಹೋಗ್ಬೇಡ,” ಎಂದರು.

ಆ ದಿನವೇ ಹೇಳಿದರು. ಡಾಕ್ಟರು ನಮ್ಮಿಬ್ಬರಿಗಿಂತಲೂ ಚಿಕ್ಕ ಪ್ರಾಯದ ಹೆಂಗಸು. ಬೈಯಲಿಲ್ಲ. ಕಳೆದ ತಿಂಗಳುಗಳಲ್ಲಿ ಹಿರಿಯರು ತೆಗೆದ ಚಿತ್ರಗಳನ್ನು ಮತ್ತೆ ತೆರೆದು ಒಂದೊಂದಾಗಿ ನೋಡಿದರು. ಅದಕ್ಕೆ ಎರಡು ದಿನ ಬೇಕಾಯಿತು. ಮತ್ತೆ ಕರೆಸಬೇಕಾದ ರೋಗಿ ಯಾರೂ ಸಿಗಲಿಲ್ಲ. ಆ ಎರಡು ದಿನ ಹಿರಿಯರು ಕಾರಿಡಾರಿನಲ್ಲಿ ನಿಂತೇ ಚಹಾ ಕುಡಿದರು.

ಕಣ್ಣಿನ ಡಾಕ್ಟರಿಗೆ ತೋರಿಸಿದಾಗ ತಿಳಿಯಿತು, ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಾದ ಮೇಲೆ ಒಂದು ಶಸ್ತ್ರಚಿಕಿತ್ಸೆ, ನಡುವೆ ಕೆಲವು ವಾರ. ರಜೆಯಲ್ಲಿಲ್ಲದ ದಿನಗಳಲ್ಲಿ ಡಾಕ್ಟರು ಅವರನ್ನು ಮೇಜಿಗೆ ಕೂರಿಸಲಿಲ್ಲ. ರೋಗಿಯನ್ನು ಮಲಗಿಸುವುದು, ಮುರಿದ ಕೈಯನ್ನು ನೋವಾಗದ ಹಾಗೆ ತಿರುಗಿಸಿ ಇಡುವುದು ಅವರ ಪಾಲಿಗೆ. ಗುಂಡಿ ಒತ್ತಿ ಚಿತ್ರ ನೋಡುವುದು ನನ್ನ ಪಾಲಿಗೆ. ಮುದುಕಿಯರ ಭುಜ ಹಿಡಿದು “ಅಮ್ಮಾ, ಸ್ವಲ್ಪ ಈಚೆ” ಎನ್ನುವುದರಲ್ಲಿ ಅವರನ್ನು ಮೀರಿಸುವವರು ನಮ್ಮಲ್ಲಿ ಯಾರೂ ಇಲ್ಲ. ಅದನ್ನು ಇಷ್ಟು ಹತ್ತಿರದಿಂದ ನಾನು ಮುಂಚೆ ನೋಡಿರಲಿಲ್ಲ. ಒಟ್ಟಿಗೆ ಕೆಲಸ ಮಾಡುವಾಗ ಮಾತು ತಾನಾಗಿ ಮರಳಿ ಬಂತು. ಹೋಟೆಲಿನ ಸಂಗತಿಯನ್ನು ಇಬ್ಬರೂ ಎತ್ತಲಿಲ್ಲ.

ಎರಡನೆಯ ಕಣ್ಣೂ ಆಗಿ ತಿಂಗಳು ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡದೆ ನಮ್ಮ ಮನೆಗೆ ಬಂದರು. ನಾವು ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದು ಕಾಫಿ ಕುಡಿಯುತ್ತಿದ್ದೆವು.

“ನಮ್ಮ ಡಿಪಾರ್ಟ್‌ಮೆಂಟಿನ ಗೋಡೆ ನೀಲಿ ಅಂತ ನೀನು ಯಾಕೆ ಹೇಳ್ಲಿಲ್ಲ?” ಎನ್ನುತ್ತಲೇ ಒಳಗೆ ಬಂದರು. “ನಾನು ಬೂದು ಅಂತ ಇದ್ದೆ.”

“ಎಲ್ಲರಿಗೂ ಗೊತ್ತುಂಟು ಅಂತ ಇದ್ದೆ ಸರ್.”

ಹಂಪನಕಟ್ಟೆಯ ಅಂಗಡಿಗೂ ಹೋಗಿ ಬಂದದ್ದನ್ನು ಹೇಳಿದರು. ಮಾಲೀಕರಿಗೆ ಅವರ ಗುರುತು ಸಿಕ್ಕಿತಂತೆ. ಅಂದು ತಾನು ಆಡಿದ ಮಾತು ತಪ್ಪಾಯಿತು, ಮಾಲು ಸರಿಯಿತ್ತು, ಎಂದು ಹೇಳಿದರಂತೆ. ಮಾಲೀಕರು ಒಂದು ಕುರ್ಚಿ ಕೊಟ್ಟು ಕೂರಿಸಿ, ತಮ್ಮ ತಾಯಿಗೂ ಸಂಜೆ ಹೊತ್ತು ಲೈಟ್ ಹರಡಿದ ಹಾಗೆ ಕಾಣ್ತದೆ, ಯಾವ ಡಾಕ್ಟರಿಗೆ ತೋರಿಸುವುದು ಎಂದು ಕೇಳಿದರಂತೆ.

ಅಮ್ಮ ಅವರಿಗೂ ಕಾಫಿ ಕೊಟ್ಟರು. ಕುಡಿದು ಮುಗಿಸಿ, “ಎಲ್ಲಿ, ನಿನ್ನ ಗೇಮ್ ತೋರಿಸು ನೋಡುವ,” ಎಂದರು.

ಅವರನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಯಾವ ಗುಂಡಿ ಒತ್ತಿದರೆ ಕಾರು ಓಡುತ್ತದೆ, ಯಾವುದು ಬ್ರೇಕ್ ಎಂದು ಹೇಳಿಕೊಟ್ಟೆ. ಸುಲಭದ ರಸ್ತೆ, ಹಗಲಿನದ್ದು, ಆರಿಸಿದೆ. ಮೊದಲ ತಿರುವಿನಲ್ಲೇ ಬೇಲಿಗೆ ಗುದ್ದಿದರು. ಎರಡನೆಯ ಸಲ ತಿರುವು ದಾಟಿ, ಮರಕ್ಕೆ. ಮೂರನೆಯ ಸಲ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿಬಿಟ್ಟರು. ಏನಾಯಿತು ಎಂದೆ.

“ಏನಿಲ್ಲ. ಆ ಕಡೆ ಎಂತೆಂತ ಮಾಡಿಟ್ಟಿದ್ದಾರೆ ನೋಡ್ತಾ ಇದ್ದೆ,” ಎಂದರು. ದೂರದ ಗುಡ್ಡ, ಅದರ ಕೆಳಗೆ ಹಂಚಿನ ಮನೆಗಳು, ಒಂದು ಮನೆಯ ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆ. ಎಂಟು ವರ್ಷ ಆ ರಸ್ತೆಯಲ್ಲಿ ಓಡಿಸಿದ ನಾನು ಅಲ್ಲಿ ಬಟ್ಟೆ ಇರುವುದನ್ನು ಗಮನಿಸಿರಲಿಲ್ಲ. ಹಿಂದಿನಿಂದ ಬಂದ ಏಳು ಕಾರುಗಳು ಅವರನ್ನು ದಾಟಿ ಹೋದವು. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಮತ್ತೆ ಗುಂಡಿಯ ಮೇಲೆ ಬೆರಳಿಟ್ಟು, ಮೆಲ್ಲಗೆ, ರಸ್ತೆಯ ಎಡಬದಿ ಹಿಡಿದು, ಮೈಲುಗಟ್ಟಲೆ ಓಡಿಸಿದರು. ಅಮ್ಮ ಬಾಗಿಲಲ್ಲಿ ನಿಂತು ಊಟಕ್ಕೆ ಇರ್ತಾರಾ ಎಂದು ಕೊಂಕಣಿಯಲ್ಲಿ ಕೇಳಿದರು. ಇರ್ತಾರೆ ಎಂದೆ.